ಮೂರನೇ ಮಹಡಿಗೆ ಅಡ್ಡ ಕಟ್ಟಿದ ಹಸಿರು ಪರದೆ

ನಗರ ಕ್ರೀಡಾಂಗಣದ ಮಾನ್ಯ ಆಡಳಿತಾಧಿಕಾರಿಗಳೇ,

ನಿಮ್ಮ ಮೈದಾನದ ಪೂರ್ವದ ಗೋಡೆಗೂ ನಮ್ಮ ಕಟ್ಟಡಕ್ಕೂ ನಡುವೆ ಕಳೆದ ವಾರ ನೀವು ಎಬ್ಬಿಸಿ ನಿಲ್ಲಿಸಿರುವ ಹಸಿರು ಪರದೆಯನ್ನು ಬರುವ ಭಾನುವಾರ ಸಂಜೆಯ ಮಟ್ಟಿಗಾದರೂ ಇಳಿಸಬೇಕು. ನನ್ನ ಅಹವಾಲು ಇಷ್ಟೇ. ತಮಗೆ ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ಓದು ನಿಲ್ಲಿಸಿ ಇಬ್ಬರು ಆಳುಗಳನ್ನೂ ಒಂದು ಏಣಿಯನ್ನೂ ಕಳಿಸಿಕೊಡಬಹುದು. ಆದರೆ ಒಂದೇ ಸಾಲಿನ ಮನವಿಗೆ ಕಚೇರಿಗಳಲ್ಲಿ ಬೆಲೆಯಿಲ್ಲ ಎಂದು ತಿಳಿದವರು ಹೇಳುತ್ತಾರೆ. ಹಾಗಾಗಿ ಉದ್ದಕ್ಕೇ ಬರೆಯುತ್ತಿದ್ದೇನೆ, ಸಾವಧಾನವಾಗಿ ಓದುವ ಕೃಪೆ ಮಾಡಬೇಕು.

ನಾನು ಆ ಕಟ್ಟಡದ ನೆಲಮಹಡಿಯಲ್ಲಿ ಲಾಂಡ್ರಿ ನಡೆಸುವವಳು. ಒಗೆಯುವುದು ನಾನು, ಇಸ್ತ್ರಿ ಮಾಡುವುದು ನಮ್ಮ ಯಜಮಾನರು, ತಪ್ಪು ಹುಡುಕುವುದು ಮೂರನೇ ಮಹಡಿಯಲ್ಲಿರುವ ನಮ್ಮತ್ತೆ. ಭಾನುವಾರ ನಿಮ್ಮ ಮೈದಾನದಲ್ಲಿ ನೆರೆ ದೇಶದ ತಂಡದ ಎದುರು ಆಡಲಿರುವ ನಮ್ಮ ದೇಶದ ಹದಿನೇಳು ವರ್ಷದೊಳಗಿನ ಹುಡುಗಿಯರ ಫುಟ್‌ಬಾಲ್ ತಂಡದಲ್ಲಿ ಗೋಲು ಕಾಯುವವಳು ನನ್ನ ಮಗಳು. ಓಹೋ, ಮಗಳಿಗಾಗಿ ತಾಯಿ ಬರೆದ ಪತ್ರ ಎಂದು ನೀವು ಮುಗುಳ್ನಗಬಹುದು. ಅಲ್ಲ. ಇದು ಅತ್ತೆಗಾಗಿ ಸೊಸೆ ಬರೆಯುತ್ತಿರುವ ಪತ್ರ. ಸೊಸೆಯೊಬ್ಬಳು ಅತ್ತೆಯ ಪರ ವಹಿಸಿ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಹೀಗೆ ಬಹಿರಂಗ ಪತ್ರ ಬರೆಯುವ ಮಟ್ಟಕ್ಕೆ ಬಂದಿದ್ದಾಳೆ ಎಂದರೆ ನೀವು ಮಾಡಿರುವ ಕೆಲಸ ಎಂಥದ್ದೆಂದು ತಾವೇ ಊಹಿಸಿಕೊಳ್ಳಿ.

ಪರದೆ ಏರಿದ ದಿನವೇ ನಾನು ನಿಮ್ಮ ಕಚೇರಿಗೆ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಸಹಾಯಕರು ಸಿಕ್ಕಿದರು. ಒಳ್ಳೆಯ ಮನುಷ್ಯ, ಕೂರಲು ಕುರ್ಚಿ ಕೊಟ್ಟರು, ಫ್ಯಾನನ್ನು ನನ್ನ ಕಡೆ ತಿರುಗಿಸಿದರು. ಆಮೇಲೆ ನಡೆದ ಮಾತು ಹೀಗಿತ್ತು.

"ಪರದೆ ಯಾಕೆ ಕಟ್ಟಿಸಿದ್ರಿ ಸರ್?"

"ಮೇಡಂ, ಇದು ಅಂತರರಾಷ್ಟ್ರೀಯ ಪಂದ್ಯ. ಟಿವಿಯಲ್ಲಿ ಬರತ್ತೆ. ಗೋಲ್‌ಪೋಸ್ಟ್ ಹಿಂದೆ ನಿಮ್ಮ ಬಿಲ್ಡಿಂಗು. ಬಾಲ್ಕನಿ ತುಂಬ ಲಂಗ, ಲುಂಗಿ, ಬೆಡ್‌ಶೀಟು ನೇತಾಡ್ತಿದ್ರೆ ದೇಶದ ಘನತೆ ಏನಾಗಬೇಕು, ನೀವೇ ಹೇಳಿ."

"ಆ ದಿನ ಎಲ್ಲ ತೆಗೆದುಬಿಡ್ತೀವಿ. ನಾನೇ ನಿಂತು ತೆಗೆಸ್ತೀನಿ."

"ಬಟ್ಟೆ ತೆಗೆದ್ರೆ ಜನ ಬಂದು ನಿಲ್ತಾರೆ. ಪುಕ್ಕಟೆ ಪಂದ್ಯ ನೋಡ್ತಾರೆ."

"ಪ್ರವೇಶ ಉಚಿತ ಅಂತ ನೀವೇ ಬೀದಿ ತುಂಬ ಪೋಸ್ಟರ್ ಅಂಟಿಸಿದ್ದೀರಲ್ಲ ಸರ್."

ಅವರು ಫ್ಯಾನನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡರು. "ಉಚಿತವೇ, ಆದ್ರೆ ಒಳಗೆ ಬಂದು ನೋಡಬೇಕು" ಅಂದರು.

ಮಾನ್ಯರೇ, ಪುಕ್ಕಟೆ ಆಟವನ್ನು ಪುಕ್ಕಟೆಯಾಗಿ ನೋಡದಂತೆ ತಡೆಯುವುದಕ್ಕೆ ಇಷ್ಟು ಗಜ ಬಟ್ಟೆ ಖರ್ಚು ಮಾಡಿದ ಕಚೇರಿ ಪ್ರಪಂಚದಲ್ಲಿ ಇನ್ನೊಂದಿದೆಯೇ? ಇದ್ದರೆ ಅವರದ್ದೂ ನಮ್ಮದೂ ಒಂದು ಪಂದ್ಯ ಏರ್ಪಡಿಸಬಹುದು.

ಇನ್ನು ಘನತೆಯ ವಿಷಯ. ಅದನ್ನು ನಾನು ಹಗುರವಾಗಿ ಕಾಣುವವಳಲ್ಲ. ನಮ್ಮ ಕಸುಬೇ ಜನರ ಘನತೆಯನ್ನು ಕಾಪಾಡುವುದು. ಆದರೆ ತಮಗೆ ಬಹುಶಃ ಯಾರೂ ತಿಳಿಸದ ಒಂದು ಸಂಗತಿಯಿದೆ. ನಮ್ಮ ತಂಡದ ಅಭ್ಯಾಸದ ಬಟ್ಟೆ, ಪಂದ್ಯದ ಬಟ್ಟೆ, ಕಾಲುಚೀಲ, ಟವೆಲು ಎಲ್ಲವೂ ಒಗೆತಕ್ಕೆ ಬರುವುದು ನಮ್ಮಲ್ಲಿಗೆ. ಅವು ಒಣಗುವುದು ತಾವು ಟಿವಿಯ ಕಣ್ಣಿನಿಂದ ಮರೆಮಾಡಲು ಹೊರಟಿರುವ ಅದೇ ಹಗ್ಗದ ಮೇಲೆ, ಅದೇ ಲುಂಗಿ ಮತ್ತು ಬೆಡ್‌ಶೀಟುಗಳ ಪಕ್ಕದಲ್ಲಿ. ಎದೆಯ ಮೇಲೆ ದೇಶದ ಲಾಂಛನವಿರುವ ಜರ್ಸಿ ನನ್ನ ಹಗ್ಗಕ್ಕೆ ತಲೆಕೆಳಗಾಗಿ ತೂಗುಬಿದ್ದು ಎಷ್ಟು ಬಿಸಿಲು ಕಂಡಿದೆಯೋ ಲೆಕ್ಕವಿಲ್ಲ. ಆಗ ಹೋಗದ ಘನತೆ, ಪಕ್ಕದ ಮನೆಯವರ ದಿಂಬಿನ ಚೀಲ ಕಂಡ ಕೂಡಲೇ ಹೋಗುತ್ತದೆಯೇ? ಜೊತೆಗೆ ಇನ್ನೊಂದು ಮಾತು. ಪರದೆ ಬಂದಾಗಿನಿಂದ ನಮ್ಮ ಕಡೆಗೆ ಗಾಳಿ ಸುಳಿಯುವುದು ನಿಂತಿದೆ. ಮಧ್ಯಾಹ್ನಕ್ಕೆ ಗರಿಗರಿಯಾಗಬೇಕಾದ ಬಟ್ಟೆ ಸಂಜೆಯಾದರೂ ಹಸಿಹಸಿ. ಭಾನುವಾರದ ಜರ್ಸಿಗಳೂ ಈಗ ಅದೇ ಸ್ಥಿತಿಯಲ್ಲಿವೆ. ಇದನ್ನು ಬೆದರಿಕೆ ಎಂದು ಭಾವಿಸಬಾರದು, ಬರೀ ಹವಾಮಾನ ವರದಿ.

ಪಂದ್ಯದ ಬಗ್ಗೆ ಪತ್ರಿಕೆಗಳಲ್ಲಿ ಮುನ್ನೋಟಗಳು ಬರುತ್ತಿವೆ. ಯಾರು ಬಲಿಷ್ಠರು, ಯಾರ ರಕ್ಷಣೆ ಭದ್ರ ಎಂದೆಲ್ಲ ಬರೆಯುತ್ತಿದ್ದಾರೆ. ನನ್ನದೂ ಒಂದಿರಲಿ. ನಾನು ಆಟಗಾರ್ತಿಯರನ್ನು ಅವರ ಕಲೆಗಳಿಂದ ಗುರುತಿಸುತ್ತೇನೆ. ನಮ್ಮ ನಾಲ್ಕನೇ ನಂಬರಿನ ಹುಡುಗಿಯ ಚಡ್ಡಿಯ ಎಡಗಡೆ ಸದಾ ಹುಲ್ಲಿನ ಹಸಿರು ಕಲೆ, ಸೊಂಟದಿಂದ ಮಂಡಿಯವರೆಗೆ. ಎದುರಾಳಿಯ ಕಾಲಿನಿಂದ ಚೆಂಡು ಕಸಿಯಲು ಆ ಹುಡುಗಿ ನೆಲದ ಮೇಲೆ ಜಾರಿಕೊಂಡು ಹೋಗುವುದನ್ನು ನೋಡಿದರೆ ನನಗೆ ಮೈ ಜುಂ ಎನ್ನುತ್ತದೆ, ಆಮೇಲೆ ಸೋಪು ನೆನಪಾಗುತ್ತದೆ. ಮಧ್ಯದಲ್ಲಿ ಆಡುವ ಎಂಟನೇ ನಂಬರಿನವಳ ಬಟ್ಟೆಯಲ್ಲಿ ಮಣ್ಣಿಗಿಂತ ಬೆವರು ಹೆಚ್ಚು. ನಿಂತಲ್ಲಿ ನಿಲ್ಲುವ ಜಾಯಮಾನದವಳಲ್ಲ. ಒಂಬತ್ತನೇ ನಂಬರಿನವಳ ಜರ್ಸಿ ಮಾತ್ರ ಹೇಗೆ ಹೋಯಿತೋ ಹಾಗೇ ವಾಪಸು ಬರುತ್ತಿತ್ತು. ಒಂದು ಕಲೆಯಿಲ್ಲ, ಒಂದು ಗೀರಿಲ್ಲ. ಈ ಹುಡುಗಿ ಮೈಗಳ್ಳಿ, ಇಂಥವಳನ್ನು ಇಟ್ಟುಕೊಂಡು ಗೆದ್ದ ಹಾಗೇ ಆಯಿತು ಎಂದು ನಾನು ಮನೆಯಲ್ಲಿ ಗೊಣಗಿದ್ದೇ ಗೊಣಗಿದ್ದು. ಕೊನೆಗೊಂದು ದಿನ ಅಭ್ಯಾಸ ನೋಡಲು ಹೋದೆ. ಆ ಹುಡುಗಿ ಓಡುವ ಓಟಕ್ಕೆ ಅವಳನ್ನು ಬೀಳಿಸುವುದಿರಲಿ, ಮುಟ್ಟಲೂ ಒಬ್ಬರಿಂದಲೂ ಆಗುತ್ತಿರಲಿಲ್ಲ. ಆಡಿದ ಮಾತು ನುಂಗಿಕೊಂಡು ಮನೆಗೆ ಬಂದೆ. ಒಗೆಯುವವರ ಕಣ್ಣಿಗೆ ಕೊಳೆಯೇ ದುಡಿಮೆಯಾಗಿ ಕಾಣುವುದು ನಮ್ಮ ಹಳೇ ಚಾಳಿ.

ಎದುರಾಳಿ ತಂಡ ಬಂದಿಳಿದು ಎರಡು ದಿನವಾಯಿತು. ಅವರು ತಂಗಿರುವ ಹಾಸ್ಟೆಲ್ಲಿನಿಂದ ಅವರ ಬಟ್ಟೆಯೂ ನಮ್ಮಲ್ಲಿಗೇ ಬರುತ್ತಿದೆ. ಎರಡು ದೇಶದ ಬಟ್ಟೆಗಳನ್ನು ಬೇರೆ ಬೇರೆಯಾಗಿ ಒಗೆಯುತ್ತೇನೆ. ದ್ವೇಷಕ್ಕಲ್ಲ, ಅವರ ಕೆಂಪು ಬಣ್ಣ ಬಿಡುತ್ತದೆ. ಅವರ ಹತ್ತನೇ ನಂಬರಿನ ಹುಡುಗಿ ಬಲು ಎತ್ತರ, ಎಡಗಾಲಿನ ಒದೆತಕ್ಕೆ ಹೆಸರಾದವಳು ಎಂದು ಪತ್ರಿಕೆಗಳು ಬರೆದಿವೆ. ಅವಳ ಬಟ್ಟೆಯಿಂದ ನನಗೆ ಇನ್ನೊಂದಿಷ್ಟು ವಿಷಯ ತಿಳಿದಿದೆ. ಆದರೆ ಒಗೆಯಲು ಕೊಟ್ಟವರ ಗುಟ್ಟನ್ನು ಆಚೆ ಹಾಕಬಾರದೆಂಬುದು ನಮ್ಮ ಕಸುಬಿನ ಮರ್ಯಾದೆ. ನಮ್ಮತ್ತೆ ಮಾತು ಬದಲಿಸಿ ಬದಲಿಸಿ ಕೇಳಿದರು. ಬಾಯಿ ಬಿಡಲಿಲ್ಲ. "ಹೊಟ್ಟೇಲಿ ಹುಟ್ಟಿದ ಮಗಳಿಗಿಂತ ಗಿರಾಕಿ ಹೆಚ್ಚಾದ್ರು ನೋಡು ಇವಳಿಗೆ" ಎಂದು ಗೋಡೆಗೆ ಹೇಳಿದರು. ಗೋಡೆಯ ಪಕ್ಕದಲ್ಲೇ ನಾನಿದ್ದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಬಾಲ್ಕನಿಗಳ ಹಗ್ಗದಲ್ಲಿ ಒಣಗಿದ ಬಟ್ಟೆಯನ್ನು ನಾನು ಮೂರನೇ ಮಹಡಿಗೆ ತಂದು ಹಾಕುತ್ತೇನೆ. ಅಲ್ಲಿ ನಮ್ಮತ್ತೆ ಮನೆವಾರು ವಿಂಗಡಿಸಿ, ಒಂದೊಂದು ಮನೆಯದ್ದನ್ನು ಒಂದೊಂದು ಹಳೇ ದುಪ್ಪಟಿಯಲ್ಲಿ ಗಂಟು ಕಟ್ಟಿ, ಬಾಲ್ಕನಿಯಿಂದ ಓಣಿಗೆ ಎಸೆಯುತ್ತಾರೆ. ಕೆಳಗೆ ಅಂಗಡಿಯ ಹಿಂಬಾಗಿಲಲ್ಲಿ ಯಾರಾದರೂ ನಿಂತು ಹಿಡಿಯಬೇಕು. ಹಿಡಿದರೆ ನೇರ ಇಸ್ತ್ರಿ ಮೇಜಿಗೆ. ನೆಲಕ್ಕೆ ಬಿದ್ದರೆ ಇಡೀ ಗಂಟು ಮತ್ತೆ ಒಗೆತಕ್ಕೆ. ಒಗೆಯುವವಳು ನಾನಾದ್ದರಿಂದ ಈ ನಿಯಮದ ಬಿಸಿ ನನಗೇ ಹೆಚ್ಚು ತಟ್ಟುತ್ತಿತ್ತು. ನಮ್ಮ ಯಜಮಾನರು ಕೈಬಿಟ್ಟ ಗಂಟುಗಳ ಕಾರಣಕ್ಕೆ ನಮ್ಮಿಬ್ಬರ ನಡುವೆ ನಡೆದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ಆ ಜಾಗದಲ್ಲಿ ತಾನೇ ಹೋಗಿ ನಿಂತಳು. ಮೊದಮೊದಲು ಅಜ್ಜಿ ಕರವಸ್ತ್ರದ ಪುಟ್ಟ ಗಂಟು ಎಸೆದರು, ಆಮೇಲೆ ಶರಟಿನದ್ದು, ಆಮೇಲೆ ಹೊದಿಕೆಗಳದ್ದು. ಬರಬರುತ್ತಾ ಇಬ್ಬರಿಗೂ ಅದು ಕೆಲಸ ಹೋಗಿ ಆಟವಾಯಿತು. ಅಜ್ಜಿ ಬಲಗಡೆ ನೋಡುತ್ತಾ ಎಡಗಡೆ ಎಸೆಯುವರು. ಎಸೆದ ಹಾಗೆ ಮಾಡಿ ಸುಮ್ಮನಾಗುವರು, ಅವಳು ನೆಗೆದು ಕೆಳಗಿಳಿಯುವ ಹೊತ್ತಿಗೆ ಸರಿಯಾಗಿ ಬಿಡುವರು. ಆದರೂ ನನ್ನ ಮಗಳು ಬಟ್ಟೆಯನ್ನು ನೆಲಕ್ಕೆ ಮುಟ್ಟಗೊಡುತ್ತಿರಲಿಲ್ಲ. ಶಾಲೆಯಲ್ಲಿ ಯಾರೋ ಒಂದು ದಿನ ಅವಳನ್ನು ಗೋಲಿನಲ್ಲಿ ನಿಲ್ಲಿಸಿದರು. ಚೆಂಡು ಗಂಟಿಗಿಂತ ಹಗುರ, ಅದಕ್ಕೆ ಸುಳ್ಳು ಹೇಳಲೂ ಬರುವುದಿಲ್ಲ ಎಂದು ಮನೆಗೆ ಬಂದು ಹೇಳಿದಳು.

ಇದೇ ಅವಳ ಬಲ, ಇದೇ ಅವಳ ತೊಂದರೆ. ಬಂದದ್ದನ್ನೆಲ್ಲ ಹಿಡಿದು ಎದೆಗವಚಿಕೊಳ್ಳುವುದು ಅವಳ ರಕ್ತದಲ್ಲಿದೆ. ಕೆಲವು ಚೆಂಡುಗಳನ್ನು ಹಿಡಿಯಬಾರದು, ಮುಷ್ಟಿಯಲ್ಲಿ ಗುದ್ದಿ ಆಚೆ ಕಳಿಸಬೇಕು ಎಂದು ಅವಳ ತರಬೇತುಗಾರ್ತಿ ಗಂಟಲು ಹರಿದುಕೊಂಡರು. ಕೈಗೆ ಬಂದದ್ದನ್ನು ಗುದ್ದಿ ನೆಲಕ್ಕೆ ಹಾಕುವುದು ನಮ್ಮ ಮನೆಯಲ್ಲಿ ಮಹಾಪರಾಧ. ಹೇಗೆ ಬಂದೀತು ಅವಳಿಗೆ? ಕಳೆದ ಸಲ ಇದೇ ನೆರೆ ದೇಶದ ತಂಡದ ಎದುರು, ಅವರ ನೆಲದಲ್ಲಿ, ಮಳೆಯಲ್ಲಿ ಆಡಿದಾಗ ಕೊನೆಯ ಗಳಿಗೆಯಲ್ಲಿ ಮೂಲೆಯಿಂದ ಒಂದು ಒದ್ದೆ ಚೆಂಡು ಬಂತು. ಇವಳು ಎಂದಿನಂತೆ ಎರಡು ಕೈ ಚಾಚಿ ಅಪ್ಪಿಕೊಳ್ಳಲು ಹೋದಳು. ಚೆಂಡು ಜಾರಿತು, ಹತ್ತನೇ ನಂಬರಿನವಳು ಕಾದಿದ್ದಳು. ಒಂದೇ ಗೋಲಿನಲ್ಲಿ ಸೋತೆವು.

ಮನೆಗೆ ಬಂದವಳು ಊಟವನ್ನೂ ಸರಿಯಾಗಿ ಮಾಡಲಿಲ್ಲ. ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ನಮ್ಮತ್ತೆ ಮಾತ್ರ, "ತಪ್ಪು ನಿಂದಲ್ಲ ಕೂಸೇ, ನಂದು. ಒಣಗಿದ್ದನ್ನೇ ಎಸೀತಾ ಬಂದೆ. ಒದ್ದೆ ಗಂಟು ಒಂದೂ ಎಸೆದಿಲ್ಲ ನಾನು" ಅಂದರು.

ಮರುದಿನದಿಂದ ಪಾಠ ಶುರುವಾಯಿತು. ಹಳೇ ಟವೆಲುಗಳನ್ನು ಒಂದು ದಿಂಬಿನ ಚೀಲಕ್ಕೆ ತುರುಕಿ, ಬಕೆಟ್ಟಿನಲ್ಲಿ ಅದ್ದಿ, ನೀರು ತೊಟ್ಟಿಕ್ಕುತ್ತಿರುವಾಗಲೇ ಮೂರನೇ ಮಹಡಿಯಿಂದ ಬಿಡುವುದು. ಕೆಳಗಿನವಳು ಅದನ್ನು ಹಿಡಿಯಕೂಡದು, ಗುದ್ದಬೇಕು. ಆ ದಿನಗಳಲ್ಲಿ ನಮ್ಮ ಓಣಿಯಲ್ಲಿ ಮೈ ಒಣಗಿದ್ದವರು ಯಾರೂ ಇರಲಿಲ್ಲ. ಪಕ್ಕದ ಮನೆಯ ದರ್ಜಿ ಛತ್ರಿ ಬಿಚ್ಚಿಕೊಂಡು ಓಡಾಡಿದ. ಮೊದಲು ಅವಳು ಅಭ್ಯಾಸಬಲದಿಂದ ಹಿಡಿದು ಹಿಡಿದು ತೊಯ್ದು ತೊಪ್ಪೆಯಾದಳು. ಮೇಲಿನಿಂದ ಅಜ್ಜಿ, "ಬಿಡು, ಬಿಡೋದು ಕಲಿ. ಅದು ನಮ್ಮನೆ ಬಟ್ಟೆ ಅಲ್ಲ, ಗುದ್ದು" ಎಂದು ಕೂಗುತ್ತಿದ್ದರು. ಒಂದು ಸಂಜೆ ಮಗಳು ಹಿಂದೆ ಸರಿದು, ಎಗರಿ, ಒಂದೇ ಗುದ್ದಿಗೆ ಆ ಗಂಟನ್ನು ನಿಮ್ಮ ಕ್ರೀಡಾಂಗಣದ ಗೋಡೆಗೆ ಅಪ್ಪಳಿಸಿದಳು. ಗೋಡೆಯ ಮೇಲಿನ ಆ ಕಲೆಯ ಬಗ್ಗೆ ತಮ್ಮ ಕಚೇರಿಯಿಂದ ನಮಗೆ ನೋಟಿಸು ಬಂದಿತ್ತು. ತಮಗೆ ನೆನಪಿರಬಹುದು. ವಿವರಣೆ ಕೇಳಿದ್ದಿರಿ, ಇದೇ ವಿವರಣೆ.

ಅದಾಗಿ ಸ್ವಲ್ಪ ದಿನಕ್ಕೆ ನಮ್ಮತ್ತೆ ಸ್ನಾನದ ಮನೆಯಲ್ಲಿ ಜಾರಿ ಸೊಂಟ ಮುರಿದುಕೊಂಡರು. ಮೂಳೆ ಕೂಡಿದೆ, ಒಳಗೆ ಕೋಲೂರಿ ಓಡಾಡುತ್ತಾರೆ, ಬಾಲ್ಕನಿಯಲ್ಲಿ ಕೂತು ಗಂಟು ಎಸೆಯುತ್ತಾರೆ. ಮೆಟ್ಟಿಲು ಮಾತ್ರ ಇಳಿಯುವಂತಿಲ್ಲ, ಹತ್ತುವಂತಿಲ್ಲ. ನಿಮ್ಮ ಪರದೆ ನಮ್ಮ ಮೂರನೇ ಮಹಡಿಯವರೆಗೆ ಅಚ್ಚುಕಟ್ಟಾಗಿ ಮುಚ್ಚಿದೆ. ನಾಲ್ಕನೇ ಮಹಡಿಯವರಿಗೆ ಮೈದಾನವೆಲ್ಲ ಕಾಣುತ್ತದೆ. "ನಮ್ಮನೇಗೇ ಕರ್ಕೊಂಡು ಬನ್ನಿ" ಎಂದು ಅವರು ಕರೆದರು. ಒಂದು ಮಹಡಿ ಹತ್ತುವುದೂ ನಮ್ಮತ್ತೆಗೆ ಸಾಧ್ಯವಿಲ್ಲ. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡು ಮೈದಾನಕ್ಕೇ ಹೋಗೋಣ ಎಂದು ನಮ್ಮ ಯಜಮಾನರು ಹೇಳಿ ನೋಡಿದರು.

"ನಾಲ್ಕು ಜನ ನನ್ನ ಹೊತ್ಕೊಂಡು ಹೋಗೋದು ಒಂದೇ ಸಲ. ಅದನ್ನ ಫುಟ್‌ಬಾಲ್‌ಗೋಸ್ಕರ ಖರ್ಚು ಮಾಡಲ್ಲ" ಅಂದರು ನಮ್ಮತ್ತೆ.

ಟಿವಿಯಲ್ಲಿ ನೋಡಬಹುದಲ್ಲ ಎಂದು ತಮ್ಮ ಸಹಾಯಕರು ಕೇಳಿದ್ದರು. ನಾನೂ ಮನೆಗೆ ಹೋಗಿ ಅದನ್ನೇ ಹೇಳಿದೆ. ಅದಕ್ಕೆ ನಮ್ಮತ್ತೆ ಕೊಟ್ಟ ಉತ್ತರವನ್ನು ಇದ್ದ ಹಾಗೇ ತಮ್ಮ ಗಮನಕ್ಕೆ ತರುತ್ತೇನೆ.

"ಟಿವಿಯೋರು ಚೆಂಡಿನ ಹಿಂದೆ ಓಡ್ತಾರೆ ಕಣಮ್ಮ. ಗೋಲು ಹೊಡೆಯೋಕೆ ಬಂದಾಗ ಮಾತ್ರ ನಮ್ಮ ಹುಡುಗೀನ ತೋರಿಸ್ತಾರೆ. ಅಂದ್ರೆ ಅವಳಿಗೆ ಕಷ್ಟ ಬಂದಾಗ ಮಾತ್ರ. ಚೆಂಡು ಆ ಕಡೆ ಇರೋವಾಗ ಅವಳು ಒಬ್ಬಳೇ ನಿಂತಿರ್ತಾಳಲ್ಲ, ಆಗ ಏನು ಮಾಡ್ತಾಳೆ? ಭಯ ಪಡ್ತಾಳಾ, ಉಗುರು ಕಚ್ತಾಳಾ, ಕೂದಲು ಕಟ್ಕೊಳ್ತಾಳಾ? ಅದು ನನಗೆ ನೋಡಬೇಕು. ಅದನ್ನ ಯಾವ ಟಿವಿಯೋನು ತೋರಿಸ್ತಾನೆ?"

ಮಾನ್ಯರೇ, ಈ ಪ್ರಶ್ನೆಗೆ ಉತ್ತರ ತಮ್ಮಲ್ಲಿದ್ದರೆ ದಯವಿಟ್ಟು ತಿಳಿಸಿ. ಇಷ್ಟು ವರ್ಷದಲ್ಲಿ ಅವರ ಮಾತಿಗೆ ನಾನು ಎದುರಾಡದೆ ಒಪ್ಪಿಕೊಂಡದ್ದು ಇದೇ ಮೊದಲು, ಅವರಿಗೇ ಗಾಬರಿಯಾಗಿ ಮೈ ಸರಿಯಿಲ್ಲವಾ ಎಂದು ಕೇಳಿದರು. ಆ ದಿನದಿಂದ ಅವರು ಕತ್ತರಿ ಎಲ್ಲಿದೆ ಎಂದು ಆಗಾಗ ವಿಚಾರಿಸುತ್ತಿದ್ದಾರೆ. ನಾನು ಬಚ್ಚಿಟ್ಟಿದ್ದೇನೆ. ಸಾರ್ವಜನಿಕ ಆಸ್ತಿಯನ್ನು ನನ್ನ ಕೈಲಾದಷ್ಟು ಕಾಪಾಡುತ್ತಿದ್ದೇನೆ ಎಂಬುದನ್ನು ತಾವು ಗಮನಿಸಬೇಕು.

ಮಗಳಿಗೆ ಪರದೆಯ ಸುದ್ದಿ ಗೊತ್ತಿಲ್ಲ. ಪರದೆ ಏಳುವ ಮೊದಲೇ ತಂಡ ಬೇರೆ ಊರಿಗೆ ಅಭ್ಯಾಸ ಪಂದ್ಯಗಳಿಗೆ ಹೋಗಿತ್ತು. ಶನಿವಾರ ಸಂಜೆ ವಾಪಸು ಬರುತ್ತಾರೆ, ಮೈದಾನಕ್ಕೆ ಇಳಿಯುವುದು ಭಾನುವಾರವೇ. ನಿನ್ನೆ ಫೋನ್ ಮಾಡಿದ್ದಳು. ನನ್ನ ಹತ್ತಿರ ಜರ್ಸಿ ಬಗ್ಗೆ ಎರಡು ಮಾತಾಡಿ ಅಜ್ಜಿಗೆ ಕೊಡು ಅಂದಳು. ನಮ್ಮತ್ತೆಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ನಮ್ಮ ಮನೆಯಲ್ಲಿ ಫೋನಿನ ಮಾತು ಎಲ್ಲರಿಗೂ ಕೇಳುತ್ತದೆ.

"ಅಜ್ಜೀ, ಮೊದಲರ್ಧ ಯಾವ ಕಡೆ ಸಿಗತ್ತೋ ಗೊತ್ತಿಲ್ಲ. ಯಾವುದಾದ್ರೂ ಒಂದರ್ಧ ನಿನ್ನ ಕಡೆ ಗೋಲಿಗೆ ಬಂದೇ ಬರ್ತೀನಿ. ಬಾಲ್ಕನೀಲಿ ಇರ್ತೀಯ ತಾನೆ?"

"ಇನ್ನೆಲ್ಲಿಗೆ ಹೋಗ್ಲಿ? ಇಲ್ಲೇ ಇರ್ತೀನಿ."

"ನಾನು ತಿರುಗಿ ನೋಡಿದ್ರೆ ಕಾಣಿಸ್ತೀಯಲ್ಲ?"

ನಮ್ಮತ್ತೆ ಬಾಲ್ಕನಿಯಲ್ಲೇ ಕೂತಿದ್ದರು. ಎದುರಿಗೆ ತಮ್ಮ ಪರದೆ. ಆ ಕಡೆಯಲ್ಲಿ ಮೈದಾನವಿದೆಯೋ ಸಮುದ್ರವಿದೆಯೋ ಗೊತ್ತಾಗದ ಹಾಗೆ ಹಸಿರೋ ಹಸಿರು. ಅದನ್ನೇ ನೋಡುತ್ತಾ, "ಕಾಣಿಸ್ತೀನಿ ಕೂಸೇ. ಚೆನ್ನಾಗಿ ಕಾಣಿಸ್ತೀನಿ" ಅಂದರು.

"ಹಾಗಾದ್ರೆ ನನಗೇನೂ ಭಯ ಇಲ್ಲ ಬಿಡು" ಅಂದಳು ಮಗಳು.

ಅವರು ಫೋನನ್ನು ನನ್ನ ಕೈಗೆ ಕೊಟ್ಟರು. ನಾನು ಟವೆಲು ಮಡಿಸುವ ನೆಪದಲ್ಲಿ ಅಲ್ಲೇ ನಿಂತಿದ್ದೆ. ನನಗೆ ಅಳು ಬಂದಿತ್ತು, ಅವರ ಮುಂದೆ ಅತ್ತರೆ ಟವೆಲು ಹಾಳು ಮಾಡಬೇಡ ಅನ್ನುತ್ತಾರೆ ಎಂದು ತಡೆದುಕೊಂಡೆ. ಅವರೇ ಹೇಳಿದರು, "ಈ ವಯಸ್ಸಲ್ಲಿ ನನ್ನ ಬಾಯಲ್ಲಿ ಸುಳ್ಳು ಹೇಳಿಸಿಬಿಟ್ರಲ್ಲಮ್ಮ. ಅದೂ ಆ ಮಗೂಗೆ."

ನಮ್ಮತ್ತೆಯ ಬಗ್ಗೆ ನನಗಿರುವ ದೂರುಗಳು ಸಣ್ಣ ಸಂಖ್ಯೆಯವಲ್ಲ. ಉಪ್ಪಿನ ವಿಷಯದಲ್ಲಿ, ಸೋಪಿನ ವಿಷಯದಲ್ಲಿ, ನಾನು ಬಾಗಿಲು ಹಾಕುವ ರೀತಿಯ ವಿಷಯದಲ್ಲಿ ನಮ್ಮಿಬ್ಬರಿಗೂ ಇಂದಿಗೂ ರಾಜಿಯಾಗಿಲ್ಲ. ಆದರೆ ಅವರು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಒಂದು ಸಣ್ಣ ಸುಳ್ಳು ಹೇಳಿದ್ದರೆ ನನ್ನ ಅಡುಗೆಗೆ ಎಷ್ಟೋ ಗೌರವ ಉಳಿಯುತ್ತಿದ್ದ ಸಂದರ್ಭಗಳಲ್ಲೂ ಅವರು ಹೇಳಿದವರಲ್ಲ. ಅಂಥವರು ನಿನ್ನೆ ಹೇಳಿದರು.

ಆದ್ದರಿಂದ ನನ್ನ ಬೇಡಿಕೆಯನ್ನು ಸ್ಪಷ್ಟವಾಗಿ ಮಂಡಿಸುತ್ತೇನೆ. ಭಾನುವಾರ ಮಧ್ಯಾಹ್ನಕ್ಕೆ ಪರದೆ ಇಳಿಯಬೇಕು. ಬದಲಿಗೆ ನಮ್ಮ ಕಟ್ಟಡದ ಎಲ್ಲ ಮನೆಯವರ ಪರವಾಗಿ ನಾನು ಮಾತು ಕೊಡುತ್ತೇನೆ. ಆ ಹೊತ್ತಿಗೆ ಎಲ್ಲ ಹಗ್ಗಗಳೂ ಬೋಳಾಗಿರುತ್ತವೆ, ಬಾಲ್ಕನಿಗಳಲ್ಲಿ ಮನುಷ್ಯರಲ್ಲದೆ ಬೇರೇನೂ ನೇತಾಡುವುದಿಲ್ಲ. ಬೇಕಾದರೆ ತಮ್ಮ ಸಹಾಯಕರು ಬಂದು ಪರಿಶೀಲಿಸಲಿ, ಕಾಫಿ ಕೊಡುತ್ತೇನೆ. ಪರದೆಯನ್ನು ಸೋಮವಾರ ಮತ್ತೆ ಕಟ್ಟಿಕೊಳ್ಳಿ. ಕೊಳೆಯಾಗಿದ್ದರೆ ಅದನ್ನೂ ಒಗೆದುಕೊಡುತ್ತೇನೆ. ಪಂದ್ಯ ಯಾರು ಗೆಲ್ಲುತ್ತಾರೋ ನನಗೆ ಗೊತ್ತಿಲ್ಲ. ನಮ್ಮವರು ಗೆಲ್ಲಲಿ ಎಂದು ಆಸೆ. ಮೂಲೆಯಿಂದ ಎತ್ತರದ ಚೆಂಡು ಬಂದಾಗ ನನ್ನ ಮಗಳು ಹಿಡಿಯುತ್ತಾಳೋ ಗುದ್ದುತ್ತಾಳೋ ಅದೂ ಗೊತ್ತಿಲ್ಲ. ಗೊತ್ತಿರುವುದು ಒಂದೇ. ಆ ಚೆಂಡು ಬರುವ ಮುಂಚೆ, ಯಾವ ಕ್ಯಾಮೆರಾವೂ ನೋಡದ ಒಂದು ಗಳಿಗೆಯಲ್ಲಿ, ಅವಳು ಮೂರನೇ ಮಹಡಿಯ ಕಡೆ ತಿರುಗಿ ನೋಡುತ್ತಾಳೆ. ನಮ್ಮತ್ತೆ ಹೇಳಿದ ಸುಳ್ಳು ಆಗ ನಿಜವಾಗಿರಬೇಕು. ಅದನ್ನು ನಿಜ ಮಾಡುವ ಅಧಿಕಾರ ಈ ಊರಿನಲ್ಲಿ ತಮಗೊಬ್ಬರಿಗೇ ಇದೆ.

ಇಂತಿ,
ತಮ್ಮ ಘನತೆಯ ಹಿಂಬದಿಯಲ್ಲಿ ವಾಸವಾಗಿರುವ,
ಅತ್ತೆಯನ್ನು ಹೊಗಳಿ ಬರೆದದ್ದನ್ನು ಅವರು ಓದಿಬಿಟ್ಟಾರೆಂಬ ಹೆದರಿಕೆಯಲ್ಲಿರುವ,
ಲಾಂಡ್ರಿಯವಳು